ಆಯಸ್ಸಿನ ಗೆರೆಯನ್ನು ಎಷ್ಟು ನಂಬಬಹುದು? ‘ಅವರ್ ವರ್ಲ್ಡ್ ಇನ್ ಡೇಟಾ’ದ ಜೀವಿತಾವಧಿ ಗ್ರಾಫ್‌ಗಳ ವಿಮರ್ಶೆ

ಭಾರತದ ಸರಾಸರಿ ಜೀವಿತಾವಧಿಯ ಗೆರೆ 1950ರಲ್ಲಿ ನಲವತ್ತು ವರ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ. ಅಲ್ಲಿಂದ ಹೆಚ್ಚು ಮುಗ್ಗರಿಸದೆ ಏರುತ್ತಾ 2019ಕ್ಕೆ ಎಪ್ಪತ್ತು ದಾಟುತ್ತದೆ. 2021ರಲ್ಲಿ ಒಮ್ಮೆಲೇ 67ರ ಹತ್ತಿರಕ್ಕೆ ಕುಸಿದು, 2023ಕ್ಕೆ ಮತ್ತೆ 72ಕ್ಕೆ ಬಂದು ನಿಲ್ಲುತ್ತದೆ. ಎರಡು ಪೀಳಿಗೆಯ ಆರೋಗ್ಯದ ಕಥೆಯನ್ನು ಅರ್ಧ ನಿಮಿಷದಲ್ಲಿ ಹೀಗೆ ಕಣ್ಣಿಗೆ ಕಾಣಿಸುವ ಉಚಿತ ಸಾಧನಗಳಲ್ಲಿ ‘ಅವರ್ ವರ್ಲ್ಡ್ ಇನ್ ಡೇಟಾ’ಗೆ ಸಾಟಿಯಾದದ್ದು ಸದ್ಯಕ್ಕೆ ಇಲ್ಲ. ಆರೋಗ್ಯ ವರದಿ ಬರೆಯುವವರು, ಪಾಠ ಮಾಡುವವರು, ಇಲಾಖೆಯ ಸಭೆಗೆ ಸ್ಲೈಡ್ ಮಾಡುವವರು ಎಲ್ಲರೂ ಇದನ್ನು ಬಳಸಬೇಕು. ಆದರೆ ಈ ಗೆರೆ ಎಲ್ಲಿ ಎಣಿಕೆ, ಎಲ್ಲಿ ಅಂದಾಜು ಎಂಬುದು ನೋಡಿದ ಕೂಡಲೇ ತಿಳಿಯುವುದಿಲ್ಲ. ಅದನ್ನು ತಿಳಿಯದೆ ಬಳಸಿದರೆ ಗ್ರಾಫ್ ಚೆನ್ನಾಗಿಯೇ ಇರುತ್ತದೆ, ಅದರಿಂದ ತೆಗೆದ ಮಾತು ತಪ್ಪಿರುತ್ತದೆ.

ಈ ತಾಣ ಬ್ರಿಟನ್ನಿನ ಆಕ್ಸ್‌ಫರ್ಡ್‌ನದು. ಮ್ಯಾಕ್ಸ್ ರೋಸರ್ ಶುರುಮಾಡಿದ್ದು, ನಡೆಸುತ್ತಿರುವುದು ‘ಗ್ಲೋಬಲ್ ಚೇಂಜ್ ಡೇಟಾ ಲ್ಯಾಬ್’ ಎಂಬ ಲಾಭರಹಿತ ಸಂಸ್ಥೆ. ಹಣ ಕೊಡಬೇಕಿಲ್ಲ, ಲಾಗಿನ್ ಇಲ್ಲ, ಜಾಹೀರಾತಿನ ಕಾಟವಿಲ್ಲ. ಗ್ರಾಫ್‌ಗಳನ್ನು ಹೆಸರು ಹೇಳಿ ಯಾರು ಬೇಕಾದರೂ ಮರುಬಳಸಬಹುದು, ಪತ್ರಿಕೆಯಲ್ಲಿ ಮುದ್ರಿಸಲೂಬಹುದು. ಸರ್ಕಾರಿ ಪಿಡಿಎಫ್‌ಗಳಿಂದ ಕೋಷ್ಟಕ ಬಿಡಿಸಿ ಎಕ್ಸೆಲ್‌ಗೆ ಹಾಕುವ ಶ್ರಮ ಗೊತ್ತಿರುವವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಬಳಸುವುದು ಸುಲಭ. ‘ಲೈಫ್ ಎಕ್ಸ್‌ಪೆಕ್ಟೆನ್ಸಿ’ ಎಂದು ಹುಡುಕಿ ಗ್ರಾಫ್ ತೆರೆದರೆ ಕೋಷ್ಟಕ, ನಕ್ಷೆ, ಗೆರೆ ಎಂದು ಬೇರೆ ಬೇರೆ ಟ್ಯಾಬ್‌ಗಳು ಸಿಗುತ್ತವೆ. ದೇಶಗಳನ್ನು ಆರಿಸುವ ಗುಂಡಿಯಲ್ಲಿ ಭಾರತ, ಶ್ರೀಲಂಕಾ, ಬಾಂಗ್ಲಾದೇಶ ಇಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ತೆಗೆಯಿರಿ. ಕೆಳಗಿನ ಕಾಲಪಟ್ಟಿಯ ಎಡತುದಿಯನ್ನು ಎಳೆದು 1950ಕ್ಕೆ ತನ್ನಿ. ಆಗ ಮೂರು ಗೆರೆಗಳ ಹಾದಿ ಸ್ಪಷ್ಟವಾಗುತ್ತದೆ: 2023ರಲ್ಲಿ ಶ್ರೀಲಂಕಾ 77ರ ಮೇಲಿದೆ, ಬಾಂಗ್ಲಾದೇಶವೂ 74 ದಾಟಿ ನಮ್ಮನ್ನು ಹಿಂದೆ ಹಾಕಿದೆ. ನೀವು ಆರಿಸಿದ ದೇಶ, ಎಳೆದಿಟ್ಟ ವರ್ಷ ಎಲ್ಲವೂ ಬ್ರೌಸರ್‌ನ ವಿಳಾಸದಲ್ಲೇ ಸೇರಿಕೊಳ್ಳುತ್ತವೆ. ಆ ವಿಳಾಸವನ್ನು ಕಳಿಸಿದರೆ ಎದುರಿನವರಿಗೂ ಅದೇ ನೋಟ ತೆರೆಯುತ್ತದೆ. ಐದಕ್ಕಿಂತ ಹೆಚ್ಚು ದೇಶ ಹಾಕಬೇಡಿ. ಮೊಬೈಲ್‌ನಲ್ಲಿ ಗೆರೆಯ ಕೊನೆಯ ಹೆಸರುಗಳಿಗೆ ಜಾಗ ಸಾಲದೆ ಕೆಲವು ಮಾಯವಾಗುತ್ತವೆ, ಯಾವ ಬಣ್ಣ ಯಾರದೆಂದು ತಿಳಿಯುವುದಿಲ್ಲ.

ಡೌನ್‌ಲೋಡ್‌ನಲ್ಲಿ ಚಿತ್ರವನ್ನು ಪಿಎನ್‌ಜಿ ಅಥವಾ (ತಿದ್ದಲು ಬರುವ) ಎಸ್‌ವಿಜಿ ರೂಪದಲ್ಲೂ, ಅಂಕಿಅಂಶವನ್ನು ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ರೂಪದಲ್ಲೂ ಪಡೆಯಬಹುದು. ಸಿಎಸ್‌ವಿಯಲ್ಲಿ ಒಂದು ಹಳ್ಳವಿದೆ. ದೇಶದ ಹೆಸರಿನ ಕಾಲಂನಲ್ಲಿ ದೇಶಗಳ ಜೊತೆಗೇ ‘ಏಷ್ಯಾ’, ‘ಜಗತ್ತು’ ಮುಂತಾದ ಒಟ್ಟುಗಳೂ ಕೂತಿರುತ್ತವೆ. ಇಡೀ ಕಾಲಂಗೆ ಸರಾಸರಿ ತೆಗೆದರೆ ಅವೂ ಸೇರಿಬಿಡುತ್ತವೆ. ಅವನ್ನು ತೆಗೆದುಹಾಕಿದರೂ ಬರುವುದು ದೇಶಗಳ ಸರಾಸರಿಯೇ ಹೊರತು ಜನರ ಸರಾಸರಿಯಲ್ಲ. ಆ ಲೆಕ್ಕದಲ್ಲಿ ಮಾಲ್ಡೀವ್ಸ್‌ಗೂ ಭಾರತಕ್ಕೂ ಒಂದೇ ತೂಕ. ಜಗತ್ತಿನ ಸಂಖ್ಯೆ ಬೇಕಿದ್ದರೆ ‘ಜಗತ್ತು’ ಸಾಲನ್ನೇ ತೆಗೆದುಕೊಳ್ಳಿ. ಇಳಿಸಿಕೊಂಡ ದಿನಾಂಕವನ್ನು ಫೈಲಿನ ಹೆಸರಿನಲ್ಲೇ ಬರೆದಿಡಿ. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. 1950ರಿಂದೀಚಿನ ಅಂಕಿಗಳ ಬಹುಪಾಲು ವಿಶ್ವಸಂಸ್ಥೆಯ ‘ವರ್ಲ್ಡ್ ಪಾಪ್ಯುಲೇಷನ್ ಪ್ರಾಸ್ಪೆಕ್ಟ್ಸ್’ನಿಂದ ಬರುತ್ತದೆ, ಅದರ ಇತ್ತೀಚಿನ ಪರಿಷ್ಕರಣೆಗಳು 2022 ಮತ್ತು 2024ರವು. ಪರಿಷ್ಕರಣೆ ಎಂದರೆ ಹೊಸ ವರ್ಷಗಳನ್ನು ಸೇರಿಸುವುದಷ್ಟೇ ಅಲ್ಲ, 1950ರಿಂದ ಇಡೀ ಸಾಲನ್ನೇ ಮತ್ತೆ ಲೆಕ್ಕ ಹಾಕುತ್ತಾರೆ. ಹೋದ ವರ್ಷದ ವರದಿಯ ಸಂಖ್ಯೆಗೂ ಈ ವರ್ಷ ಅದೇ ಗ್ರಾಫ್ ತೋರಿಸುವ ಸಂಖ್ಯೆಗೂ ತಾಳೆಯಾಗದಿದ್ದರೆ ಯಾರೋ ತಪ್ಪು ಮಾಡಿದ್ದಾರೆಂದಲ್ಲ.

ಇನ್ನು ಮುಖ್ಯವಾದ ದೋಷಕ್ಕೆ ಬರೋಣ. ಗ್ರಾಫ್‌ನಲ್ಲಿ ಎಲ್ಲ ದೇಶದ ಗೆರೆಯೂ ಒಂದೇ ದಪ್ಪ, ಒಂದೇ ಖಚಿತತೆಯಿಂದ ಕಾಣುತ್ತದೆ. ಸ್ವೀಡನ್ನನ್ನು ಆರಿಸಿ ನೋಡಿ. ಅಲ್ಲಿ ಹುಟ್ಟು ಸಾವುಗಳ ದಾಖಲೆ 1751ರಿಂದ ವರ್ಷ ವರ್ಷಕ್ಕೂ ಇದೆ. ಹಾಗಾಗಿ ಗೆರೆ ಗರಗಸದ ಹಲ್ಲಿನಂತೆ ಏರಿಳಿಯುತ್ತದೆ, ಬರ ಮತ್ತು ರೋಗ ಒಟ್ಟಿಗೆ ಬಡಿದ 1773ರಲ್ಲಿ ಇಪ್ಪತ್ತಕ್ಕಿಂತ ಕೆಳಗೆ ಬೀಳುತ್ತದೆ. ಅದೇ ಕಾಲದ ಏಷ್ಯಾದ ಗೆರೆ ನೋಡಿದರೆ ನುಣುಪಾಗಿ ಸಮತಟ್ಟಾಗಿದೆ. ಏಷ್ಯಾದಲ್ಲಿ ಬರ, ಕಾಲರಾ ಇರಲಿಲ್ಲವೇ? ಇದ್ದವು, ಎಣಿಸಿದವರಿರಲಿಲ್ಲ. ದೂರ ದೂರದ ಕೆಲವೇ ಬಿಂದುಗಳಿಗೆ ಇತಿಹಾಸಕಾರರ ಅಂದಾಜುಗಳಿವೆ, ನಡುವೆ ಎಳೆದದ್ದು ನೇರ ಗೆರೆ. ಗೆರೆ ನುಣುಪಾದಷ್ಟೂ ಮಾಹಿತಿ ಕಮ್ಮಿ ಎಂದು ಓದಬೇಕಾದ ಜಾಗದಲ್ಲಿ ನೋಡುವವರು ಬದುಕು ಸ್ಥಿರವಾಗಿತ್ತು ಎಂದು ಓದಿಕೊಳ್ಳುತ್ತಾರೆ.

1918ರ ಇನ್‌ಫ್ಲುಯೆಂಜಾ ಇದಕ್ಕೆ ಒಳ್ಳೆಯ ಪರೀಕ್ಷೆ. ಅಮೆರಿಕದಲ್ಲಿ 1917ರಲ್ಲಿ 50.9 ಇದ್ದ ಜೀವಿತಾವಧಿ 1918ರಲ್ಲಿ 39.1ಕ್ಕೆ ಇಳಿಯಿತು, ಮರುವರ್ಷವೇ ಮೇಲೆದ್ದಿತು. ವಾರ್ಷಿಕ ಅಂಕಿ ಇರುವ ಕಡೆ ಈ ಗುಂಡಿ ಕಣ್ಣಿಗೆ ರಾಚುತ್ತದೆ. ಬ್ರಿಟಿಷ್ ಭಾರತದಲ್ಲಿ ಆ ರೋಗಕ್ಕೆ ಕೋಟಿಗೂ ಮಿಕ್ಕಿ ಜನ ಬಲಿಯಾದರು. ಆದರೆ 1911 ಮತ್ತು 1921ರ ಜನಗಣತಿಗಳ ನಡುವೆ ಗೆರೆ ಎಳೆದರೆ ಅಷ್ಟೂ ಸಾವು ಎರಡು ಬಿಂದುಗಳ ನಡುವೆ ಕರಗಿಹೋಗುತ್ತದೆ. ಹಾಗಾಗಿ 1950ಕ್ಕಿಂತ ಹಿಂದಿನ ಯಾವ ಗೆರೆಯನ್ನೇ ಬಳಸಿದರೂ ಮೊದಲು ಸಿಎಸ್‌ವಿ ತೆರೆದು ನಿಜವಾಗಿ ಯಾವ್ಯಾವ ವರ್ಷಕ್ಕೆ ಸಂಖ್ಯೆ ಇದೆ ಎಂದು ಎಣಿಸಿ. ಪುಟದ ಕೆಳಗೆ ಮೂಲಗಳ ವಿವರವನ್ನು ತಾಣ ಪ್ರಾಮಾಣಿಕವಾಗಿಯೇ ಕೊಡುತ್ತದೆ. ಆದರೆ ಅದು ಗ್ರಾಫ್‌ನ ಒಳಗೆ ಇರಬೇಕಿತ್ತು: ಅಳೆದ ಬಿಂದುವಿಗೆ ಚುಕ್ಕೆ, ಅಂದಾಜಿಗೆ ತುಂಡುಗೆರೆ. ಚಿತ್ರ ವಾಟ್ಸಾಪಿನಲ್ಲಿ ಹೊರಟ ಮೇಲೆ ಪುಟದ ಕೆಳಗಿನ ಟಿಪ್ಪಣಿ ಅದರ ಜೊತೆ ಹೋಗುವುದಿಲ್ಲ.

ಜರ್ಮನಿಯ ರಾಸ್ಟಾಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ ಕಟ್ಟಿದ ‘ಹ್ಯೂಮನ್ ಮಾರ್ಟ್ಯಾಲಿಟಿ ಡೇಟಾಬೇಸ್’ ಈ ತಾಣದ ಇನ್ನೊಂದು ಮೂಲ. ಸಾವಿನ ನೋಂದಣಿ ಬಹುತೇಕ ಪೂರ್ಣವಾಗಿರುವ ದೇಶಗಳಿಗೆ ಮಾತ್ರ ಅಲ್ಲಿ ಜಾಗ. ನಲವತ್ತರ ಆಸುಪಾಸಿನ ಆ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಅಂದರೆ ನಮ್ಮ ಗೆರೆ 1950ರ ನಂತರವೂ ಪೂರ್ತಿ ಎಣಿಕೆಯಲ್ಲ. ಜನಗಣತಿ, ಸಮೀಕ್ಷೆ, ಮಾದರಿ ನೋಂದಣಿ (ಆಯ್ದ ಕೆಲವು ಪ್ರದೇಶಗಳಲ್ಲಿ ಮಾತ್ರ ಹುಟ್ಟು ಸಾವು ಎಣಿಸುವುದು) ಇವನ್ನು ಜೋಡಿಸಿ ಕಟ್ಟಿದ ಅಂದಾಜು. 2021ರ ಕುಸಿತಕ್ಕೂ ಇದೇ ಮಾತು. ಕುಸಿತವಾಗಿದ್ದು ನಿಜ, ಅದರಲ್ಲಿ ಸಂಶಯ ಬೇಡ. ನಾಗರಿಕ ನೋಂದಣಿಯಲ್ಲಿ ದಾಖಲಾದ ಸಾವುಗಳೇ 2019ರಲ್ಲಿ 76.4 ಲಕ್ಷ, 2020ರಲ್ಲಿ 81.2 ಲಕ್ಷ, 2021ರಲ್ಲಿ 102.2 ಲಕ್ಷ. ಆದರೆ ಗುಂಡಿಯ ಆಳ ಎಷ್ಟು ಎಂಬುದು ವಿವಾದದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2020 ಮತ್ತು 2021ರಲ್ಲಿ ಭಾರತದಲ್ಲಿ ಆದ ಹೆಚ್ಚುವರಿ ಸಾವು, ಅಂದರೆ ಮಾಮೂಲಿ ವರ್ಷದ ನಿರೀಕ್ಷೆಗಿಂತ ಮಿಕ್ಕ ಸಾವು, 47 ಲಕ್ಷ ಎಂದು 2022ರಲ್ಲಿ ಅಂದಾಜಿಸಿದಾಗ ಕೇಂದ್ರ ಸರ್ಕಾರ ಒಪ್ಪಲಿಲ್ಲ. ಗ್ರಾಫ್‌ನಲ್ಲಿ ಅಂದಾಜಿನ ಹರವು ಕಾಣುವುದಿಲ್ಲ, ಕಾಣುವುದು ಒಂದೇ ಗೆರೆ.

ಆ 67 ಎಂಬ ಸಂಖ್ಯೆಯನ್ನು ಓದುವ ಬಗೆಯಲ್ಲೂ ತಪ್ಪಾಗುತ್ತದೆ. 2021ರಲ್ಲಿ ಹುಟ್ಟಿದ ಮಗು 67 ವರ್ಷ ಬದುಕುತ್ತದೆ ಎಂದು ಅದರ ಅರ್ಥವಲ್ಲ. ಒಂದು ಕಾಲ್ಪನಿಕ ಮಗು ತನ್ನ ಇಡೀ ಆಯಸ್ಸಿನಲ್ಲಿ, ಪ್ರತಿ ವಯಸ್ಸಿನಲ್ಲೂ, 2021ರ ಸಾವಿನ ಪ್ರಮಾಣವನ್ನೇ ಎದುರಿಸಿದರೆ ಎಷ್ಟು ವರ್ಷ ಬದುಕುತ್ತಿತ್ತು ಎಂಬ ಲೆಕ್ಕ ಅದು. ಕೋವಿಡ್ ವರ್ಷ ಯಾರ ಬದುಕಿನಲ್ಲೂ ಎಪ್ಪತ್ತು ಸಲ ಬರುವುದಿಲ್ಲ. ‘ಭಾರತೀಯರ ಆಯಸ್ಸು ನಾಲ್ಕು ವರ್ಷ ಕಡಿತ’ ಎಂಬ ತಲೆಬರಹ ಇದೇ ಕಾರಣಕ್ಕೆ ತಪ್ಪು. ಹಳೆಯ ಕಾಲದ ಬಗ್ಗೆ ಇದರ ತಮ್ಮನಂಥ ಇನ್ನೊಂದು ತಪ್ಪಿದೆ: ಜೀವಿತಾವಧಿ 40 ಇತ್ತು ಎಂದರೆ ಜನ ನಲವತ್ತಕ್ಕೆ ಸಾಯುತ್ತಿದ್ದರು ಎಂದುಕೊಳ್ಳುವುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1841ರಲ್ಲಿ ಹುಟ್ಟುವಾಗಿನ ಜೀವಿತಾವಧಿ ನಲವತ್ತರ ಸುಮಾರು; ಆದರೆ ಐದು ವರ್ಷ ದಾಟಿದ ಮಗು 55ರವರೆಗೆ ಬದುಕುವ ನಿರೀಕ್ಷೆಯಿತ್ತು. ನಡುವಿನ ಅಂತರವಷ್ಟೂ ಎಳೆಯ ಮಕ್ಕಳ ಸಾವು. ಈ ತಾಣದಲ್ಲಿ ಬೇರೆ ಬೇರೆ ವಯಸ್ಸಿಗೆ ಜೀವಿತಾವಧಿ ತೋರಿಸುವ ಗ್ರಾಫ್ ಪ್ರತ್ಯೇಕವಾಗಿದೆ. ಅತಿ ಹೆಚ್ಚು ಜನ ನೋಡುವುದು ಹುಟ್ಟುವಾಗಿನದನ್ನು, ಅತಿ ಹೆಚ್ಚು ಕಲಿಸುವುದು ಇದು. ತರಗತಿಯಲ್ಲಿ ತೋರಿಸುವುದಾದರೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿ.

ಇದೇ ತಾಣದಲ್ಲಿ ಸಾವಿನ ಪ್ರಮಾಣದ ಗ್ರಾಫ್‌ಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಆರಿಸುವಾಗ ಎಚ್ಚರ ಇರಲಿ. ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಸಾವು ಎಂಬ ಸರಳ ಲೆಕ್ಕದಲ್ಲಿ ಜಪಾನ್ 12ರ ಮೇಲಿದೆ, ಭಾರತ 6ರಿಂದ 7. ಜಪಾನಿನ ಜೀವಿತಾವಧಿಯೋ 84ರ ಮೇಲೆ. ಅಲ್ಲಿ ಮುದುಕರು ಹೆಚ್ಚು, ಅಷ್ಟೇ. ದೂರ ಹೋಗಬೇಕಿಲ್ಲ: 2020ರ ಮಾದರಿ ನೋಂದಣಿಯಲ್ಲಿ ಈ ಪ್ರಮಾಣ ಕೇರಳಕ್ಕೆ 7.0, ಕರ್ನಾಟಕಕ್ಕೆ 6.2, ಬಿಹಾರಕ್ಕೆ 5.4. ಇದನ್ನು ಕಂಬಗಳ ಗ್ರಾಫ್ ಮಾಡಿ ಸಭೆಯಲ್ಲಿ ತೋರಿಸಿದರೆ ಬಿಹಾರ ಆರೋಗ್ಯದಲ್ಲಿ ಮೊದಲು, ಕೇರಳ ಕೊನೆ ಎಂದಾಗುತ್ತದೆ. ಎರಡು ಪ್ರದೇಶಗಳನ್ನು ಹೋಲಿಸುವುದಿದ್ದರೆ, ಎರಡಕ್ಕೂ ಒಂದೇ ವಯೋಮಾನದ ಜನಸಂಖ್ಯೆ ಇದ್ದಿದ್ದರೆ ಎಷ್ಟು ಸಾವಾಗುತ್ತಿತ್ತು ಎಂದು ಸರಿದೂಗಿಸಿದ ಪ್ರಮಾಣವನ್ನೇ ಬಳಸಿ. ಹೆಸರಿನಲ್ಲಿ ‘ಏಜ್ ಸ್ಟ್ಯಾಂಡರ್ಡೈಸ್ಡ್’ ಎಂದಿರುತ್ತದೆ. ಊರಿಗೆ ಎಷ್ಟು ಹಾಸಿಗೆ, ಎಷ್ಟು ಆಂಬ್ಯುಲೆನ್ಸ್ ಬೇಕು ಎಂದು ಯೋಜನೆ ಹಾಕುವವರಿಗೆ ಮಾತ್ರ ಸರಿದೂಗಿಸದ ಸಂಖ್ಯೆಯೇ ಸರಿ, ಏಕೆಂದರೆ ಬರುವ ರೋಗಿಗಳು ನಿಜವಾದ ವಯಸ್ಸಿನವರು.

ನಕ್ಷೆಯ ಟ್ಯಾಬ್ ನಮ್ಮಂಥ ದೊಡ್ಡ ದೇಶಕ್ಕೆ ಅಷ್ಟು ಉಪಯೋಗವಿಲ್ಲ. 2014–18ರ ಮಾದರಿ ನೋಂದಣಿಯ ಪ್ರಕಾರ ಕೇರಳದ ಜೀವಿತಾವಧಿ ಸುಮಾರು 75, ಛತ್ತೀಸ್‌ಗಢದ್ದು ಸುಮಾರು 65. ಹತ್ತು ವರ್ಷಗಳ ಈ ಅಂತರದ ಮೇಲೆ ನಕ್ಷೆ ಒಂದೇ ಬಣ್ಣ ಬಳಿಯುತ್ತದೆ. ರಾಜ್ಯವಾರು ಅಂಕಿ ಈ ತಾಣದಲ್ಲಿ ಇಲ್ಲ. ಇನ್ನೊಂದು ಮಾತು: ಹೊರದೇಶದ ತಾಣಗಳ ನಕ್ಷೆಗಳಲ್ಲಿ ಜಮ್ಮು ಕಾಶ್ಮೀರದ ಗಡಿ ಸರ್ವೆ ಆಫ್ ಇಂಡಿಯಾದ ನಕ್ಷೆಯಂತೆ ಇರುವುದಿಲ್ಲ. ನಮ್ಮಲ್ಲಿ ಮುದ್ರಿಸುವವರು ಗೆರೆಯ ಗ್ರಾಫ್ ಬಳಸಿದರೆ ತೊಂದರೆಯಿಲ್ಲ.

ಕರ್ನಾಟಕದ ಸಂಖ್ಯೆ ಬೇಕಿದ್ದರೆ ರಿಜಿಸ್ಟ್ರಾರ್ ಜನರಲ್ ಕಚೇರಿಯ ಮಾದರಿ ನೋಂದಣಿ ವ್ಯವಸ್ಥೆ, ಅಂದರೆ ಎಸ್‌ಆರ್‌ಎಸ್‌ನ ಜೀವಿತಾವಧಿ ಕೋಷ್ಟಕಗಳಿಗೇ ಹೋಗಬೇಕು. ಪಿಡಿಎಫ್ ರೂಪದಲ್ಲಿ ಸಿಗುತ್ತವೆ, ದೊಡ್ಡ ರಾಜ್ಯಗಳಿಗೆ ಗಂಡು ಹೆಣ್ಣು, ಹಳ್ಳಿ ಪಟ್ಟಣ ಎಂದು ಬೇರೆ ಬೇರೆಯಾಗಿವೆ. ದೇಶಕ್ಕೆ 1970–75ರಲ್ಲಿ 49.7 ಇದ್ದದ್ದು 2015–19ಕ್ಕೆ 69.7, 2016–20ಕ್ಕೆ 70.0. ವರ್ಷಗಳನ್ನು ಗಮನಿಸಿ: ಪ್ರತಿ ಸಂಖ್ಯೆಯೂ ಐದು ವರ್ಷದ ಸರಾಸರಿ. ಹಾಗಾಗಿ 2020 ಸೇರಿದ 2016–20ರಲ್ಲೂ ಎಸ್‌ಆರ್‌ಎಸ್ ಗೆರೆ ಏರಿದೆ, ವಿಶ್ವಸಂಸ್ಥೆಯ ವಾರ್ಷಿಕ ಗೆರೆ ಆ ವರ್ಷ ಇಳಿದಿದೆ. ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕುವುದಾದರೆ ಎಸ್‌ಆರ್‌ಎಸ್ ಬಿಂದುವನ್ನು ಐದು ವರ್ಷಗಳ ನಡುವಿನ ವರ್ಷಕ್ಕೆ, ಅಂದರೆ 2016–20ನ್ನು 2018ಕ್ಕೆ, ಇಡಿ. ಕೊನೆಯ ವರ್ಷಕ್ಕೆ ಇಟ್ಟರೆ ಗೆರೆ ಎರಡು ವರ್ಷ ಬಲಕ್ಕೆ ಸರಿದು ಸುಳ್ಳು ಹೇಳುತ್ತದೆ.

ಸಾವಿನ ಕಾರಣಗಳನ್ನು ನೋಡಲು ಸಿಯಾಟಲ್‌ನ ಐಎಚ್‌ಎಂಇ ಎಂಬ ಆರೋಗ್ಯ ಅಂಕಿಅಂಶ ಸಂಸ್ಥೆಯ ‘ಜಿಬಿಡಿ ಕಂಪೇರ್’ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಜೊತೆಗೂಡಿ 2017ರಲ್ಲಿ ಭಾರತದ ರಾಜ್ಯಗಳಿಗೂ ಅಂಥದೇ ನೋಟ ಹೊರತಂದರು. ಅದರಲ್ಲಿ ಕರ್ನಾಟಕವನ್ನು ಆರಿಸಿದರೆ ಎಲ್ಲ ಸಾವುಗಳನ್ನು ಸೂಚಿಸುವ ಒಂದು ಚೌಕ, ಕಾರಣಕ್ಕೊಂದು ತುಂಡಾಗಿ ತೆರೆದುಕೊಳ್ಳುತ್ತದೆ: ಹೃದ್ರೋಗ, ಸಕ್ಕರೆ ಕಾಯಿಲೆಗಳಂಥವು ನೀಲಿ, ಸೋಂಕು ಮತ್ತು ಬಾಣಂತಿ ಶಿಶುಗಳ ಸಾವು ಕೆಂಪು, ಅಪಘಾತ ಆತ್ಮಹತ್ಯೆಗಳು ಹಸಿರು. 1990ರಿಂದ ಮುಂದಕ್ಕೆ ಎಳೆದರೆ ಕೆಂಪು ಕುಗ್ಗಿ ನೀಲಿ ಹಿಗ್ಗುವುದು ಕಾಣುತ್ತದೆ. ಮರೆಯಲಾಗದ ನೋಟ. ಆದರೆ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು 2020ರಲ್ಲಿ 22.5 ಪ್ರತಿಶತ ಮಾತ್ರ. ಮಿಕ್ಕದ್ದಕ್ಕೆ ಮನೆಯವರನ್ನು ಕೇಳಿ ಕಾರಣ ತಿಳಿಯುವ ಸಮೀಕ್ಷೆಗಳು ಮತ್ತು ಗಣಿತದ ಮಾದರಿಗಳೇ ಆಧಾರ. ಆ ಚೌಕದ ಸಣ್ಣ ತುಂಡುಗಳ ಅಳತೆಯನ್ನು ಹಿಡಿದು ವಾದ ಮಾಡಬೇಡಿ, ದೊಡ್ಡ ತುಂಡುಗಳ ದಿಕ್ಕನ್ನು ನಂಬಿ. ತುಂಡಿನ ಮೇಲೆ ಕರ್ಸರ್ ಇಟ್ಟಾಗ ಬರುವ ಸಂಖ್ಯೆಯ ಹರವನ್ನು ಬಿಡದೆ ಓದಿ.

ಸ್ವೀಡನ್ನಿನ ವೈದ್ಯ ಹ್ಯಾನ್ಸ್ ರೋಸ್ಲಿಂಗ್ ಖ್ಯಾತಿಯ ‘ಗ್ಯಾಪ್‌ಮೈಂಡರ್’ನ ಗುಳ್ಳೆಗಳ ಗ್ರಾಫ್ ಮಕ್ಕಳಿಗೆ ತೋರಿಸಲು ಈಗಲೂ ಸೊಗಸು. ಆದಾಯ, ಆಯಸ್ಸು, ಜನಸಂಖ್ಯೆ ಮೂರೂ ಒಟ್ಟಿಗೆ ಚಲಿಸುತ್ತವೆ. ಆದರೆ ಅಲ್ಲಿ 1800ರಿಂದ ಪ್ರತಿ ದೇಶಕ್ಕೂ ಗುಳ್ಳೆ ಇದೆ, ಅಂದರೆ ದಾಖಲೆ ಇಲ್ಲದ ಕಡೆಯೂ ಅಂದಾಜು ತುಂಬಿದ್ದಾರೆ; ಹಾಗಾಗಿ ಹಳೆಯ ವರ್ಷಗಳನ್ನು ವರದಿಗೆ ಬಳಸಬಾರದು.

ಜಿಲ್ಲೆ, ತಾಲ್ಲೂಕಿನ ಮಟ್ಟಕ್ಕೆ ಸ್ವಂತ ಗ್ರಾಫ್ ಮಾಡುವವರು ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು, 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಸಾವು ಆದ ಜಾಗದಲ್ಲಿ ನೋಂದಣಿಯಾಗುತ್ತದೆ, ಸತ್ತವರ ಊರಿನಲ್ಲಿ ಅಲ್ಲ. ಸುತ್ತಲ ಹತ್ತು ತಾಲ್ಲೂಕಿನ ಗಂಭೀರ ರೋಗಿಗಳು ದೊಡ್ಡಾಸ್ಪತ್ರೆ ಇರುವ ಊರಿಗೆ ಬಂದು ಸಾಯುತ್ತಾರೆ. ನೋಂದಣಿಯ ಅಂಕಿಯಿಂದ ನೇರ ನಕ್ಷೆ ಬಿಡಿಸಿದರೆ ಆಸ್ಪತ್ರೆ ಚೆನ್ನಾಗಿರುವ ಊರೇ ಅತಿ ಕಪ್ಪಾಗಿ ಕಾಣುತ್ತದೆ. ಸತ್ತವರ ಖಾಯಂ ವಿಳಾಸದ ಮೇಲೆ ಮರುವಿಂಗಡಣೆ ಮಾಡದೆ ನಕ್ಷೆ ಮಾಡಲೇಬೇಡಿ. ಎರಡನೆಯದು ಸಣ್ಣ ಸಂಖ್ಯೆಯ ಕಾಟ. 5,000 ಜನರ ಪಂಚಾಯಿತಿಯಲ್ಲಿ ಸಾವಿರಕ್ಕೆ 6ರಂತೆ ವರ್ಷಕ್ಕೆ 30 ಸಾವು. ಏನೂ ವಿಶೇಷ ನಡೆಯದೆಯೇ ಅದು 19ಕ್ಕೆ ಇಳಿಯಬಹುದು, 41ಕ್ಕೆ ಏರಬಹುದು. ಸಂಖ್ಯೆಯ ವರ್ಗಮೂಲವನ್ನು ಎರಡರಿಂದ ಗುಣಿಸಿ ಆಚೀಚೆ ಇಟ್ಟರೆ ಈ ಹರವು ಸಿಗುತ್ತದೆ. ಒಂದು ಲಕ್ಷ ಜನರಿಗೆ 600 ಸಾವು, ಆಚೀಚೆ 49. ಪಂಚಾಯಿತಿ ಮಟ್ಟದಲ್ಲಿ ಐದು ವರ್ಷಗಳನ್ನು ಕೂಡಿಸಿ, ಇಲ್ಲವೇ ತಾಲ್ಲೂಕಿಗೆ ಏರಿ.

ಕೊನೆಯದಾಗಿ ಕನ್ನಡ. ಅವರ್ ವರ್ಲ್ಡ್ ಇನ್ ಡೇಟಾ ಇಂಗ್ಲಿಷಿನಲ್ಲಿದೆ, ಗ್ರಾಫ್‌ನ ಅಕ್ಷರಗಳನ್ನು ಅಲ್ಲೇ ಕನ್ನಡಕ್ಕೆ ತಿರುಗಿಸಲಾಗದು. ಎಸ್‌ವಿಜಿ ಇಳಿಸಿಕೊಂಡು ಇಂಕ್‌ಸ್ಕೇಪ್ ಎಂಬ ಉಚಿತ ಚಿತ್ರ ತಂತ್ರಾಂಶದಲ್ಲಿ ತೆರೆದು, ಶೀರ್ಷಿಕೆ ಮತ್ತು ದೇಶದ ಹೆಸರುಗಳನ್ನು ಅಳಿಸಿ, ನೋಟೊ ಸಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟಿನಲ್ಲಿ ಮತ್ತೆ ಬರೆಯಬಹುದು. ಮೂಲದ ಹೆಸರಿರುವ ಅಡಿಸಾಲನ್ನು ಅಳಿಸಬೇಡಿ, ಪರವಾನಗಿಯ ಷರತ್ತೇ ಅದು. ಸಿಎಸ್‌ವಿಯಿಂದ ಹೊಸದಾಗಿ ಬಿಡಿಸುವುದಾದರೆ ಡೇಟಾರ್‍ಯಾಪರ್‌ನಂಥ ಬ್ರೌಸರ್ ಸಾಧನದಲ್ಲಿ ಕನ್ನಡ ಸರಿಯಾಗಿ ಮೂಡುತ್ತದೆ, ಏಕೆಂದರೆ ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ನದು. ಪೈಥಾನ್‌ ಭಾಷೆಯಲ್ಲಿ ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್‌ನ ಹಳೆಯ ಆವೃತ್ತಿಗಳು ಒತ್ತಕ್ಷರ ಜೋಡಿಸುವುದಿಲ್ಲ. ‘ಸ್ತ್ರೀ’ ಎಂದು ಕೊಟ್ಟರೆ ಸ, ತ, ರ ಬಿಡಿಬಿಡಿಯಾಗಿ ಹಲಂತ ಚಿಹ್ನೆಯ ಸಮೇತ ಸಾಲಾಗಿ ನಿಲ್ಲುತ್ತವೆ. ಫಾಂಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಅಕ್ಷರ ಬಿಡಿಸುವ ಎಂಜಿನ್ನೇ ಬೇರೆ ಬೇಕು. ಆರ್ ಭಾಷೆಯಲ್ಲಿ ಕೆಲಸ ಮಾಡುವವರು ಚಿತ್ರ ಉಳಿಸುವಾಗ ‘ರ್‍ಯಾಗ್’ ಪ್ಯಾಕೇಜ್ ಬಳಸಿದರೆ ಒತ್ತಕ್ಷರ ನೆಟ್ಟಗೆ ಬರುತ್ತದೆ. ಮುದ್ರಣಕ್ಕೆ ಕೊಡುವ ಮುನ್ನ ‘ಸ್ತ್ರೀ’, ‘ಮೃತ್ಯು’, ‘ರಾಷ್ಟ್ರ’ ಈ ಮೂರು ಪದಗಳನ್ನು ಬರೆದು ನೋಡಿ. ಮೂರೂ ಸರಿಯಾಗಿ ಬಂದರೆ ಉಳಿದವೂ ಬರುತ್ತವೆ.